ಕರೆಂಟು ಹೋಗಿ ಬಂದ ಮೇಲೆ ಏಳದ ಉಪಕರಣಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಹಿಡಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವುಗಳ ದೂರು ಒಂದೇ ಬಗೆಯದು. ಕರೆಂಟು ಎರಡು ಸೆಕೆಂಡು ಹೋಗಿ ಬಂದಿತು, ಅಲ್ಲಿಯವರೆಗೆ ಚೆನ್ನಾಗಿ ನಡೆಯುತ್ತಿದ್ದ ಉಪಕರಣ ಮತ್ತೆ ಏಳಲೇ ಇಲ್ಲ ಎಂಬುದು ಆ ದೂರು. ಇಡೀ ರಾತ್ರಿ ಕರೆಂಟು ಇಲ್ಲದಿದ್ದಾಗಲೂ ಆಗದ ತೊಂದರೆ ಎರಡು ಸೆಕೆಂಡಿನಲ್ಲಿ ಹೇಗಾಯಿತು ಎಂದು ಹಲವರು ಕೇಳಿದ್ದಾರೆ. ಈ ಸಂಚಿಕೆಯನ್ನು ಅಂಥ ಐದು ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಮಳೆ ಶುರುವಾದರೆ ದಿನಕ್ಕೆ ಹತ್ತಾರು ಸಲ ಕರೆಂಟು ಹೋಗಿ ಕೂಡಲೇ ಬರುತ್ತದೆ. ನಮ್ಮ 32 ಇಂಚಿನ ಎಲ್‌ಇಡಿ ಟಿವಿಗೆ ಏಳು ವರ್ಷವಾಗಿದೆ. ಕಳೆದ ವರ್ಷ ಹೀಗೆ ಕರೆಂಟು ಹೋಗಿ ಬಂದಾಗ ಟಿವಿ ಆನ್ ಆಗುತ್ತಿರಲಿಲ್ಲ, ಆದರೆ ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಹಾಕಿದರೆ ಬರುತ್ತಿತ್ತು. ಈ ವರ್ಷ ಅದು ತಿರುವುಮುರುವಾಗಿದೆ. ತಕ್ಷಣ ಹಾಕಿದರೆ ಒಮ್ಮೊಮ್ಮೆ ಬರುತ್ತದೆ, ರಾತ್ರಿಯಿಡೀ ಪ್ಲಗ್ ಕಿತ್ತಿಟ್ಟರೆ ಬೆಳಿಗ್ಗೆ ಕೆಂಪು ದೀಪ ಮಿನುಗುತ್ತಾ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಮಾತ್ರ ಕೇಳಿಸುತ್ತದೆ. ಬೋರ್ಡು ಹೋಗಿದೆ, ಪೂರ್ತಿ ಬದಲಿಸಬೇಕು ಎಂದು ರಿಪೇರಿಯವರು ಹೇಳುತ್ತಾರೆ. ಇದು ನಿಜವೇ?

ಉತ್ತರ: ತಾವು ಗಮನವಿಟ್ಟು ನೋಡಿ ಬರೆದಿದ್ದೀರಿ, ಆದ್ದರಿಂದ ರೋಗ ಯಾವುದೆಂಬುದು ಪತ್ರದಲ್ಲಿಯೇ ಇದೆ. ವಿಶ್ರಾಂತಿ ಕೊಟ್ಟರೆ ಸರಿಹೋಗುವ ದೋಷವೂ ವಿಶ್ರಾಂತಿ ಕೊಟ್ಟರೆ ಹೆಚ್ಚಾಗುವ ದೋಷವೂ ಒಂದೇ ಅಲ್ಲ. ಕಳೆದ ವರ್ಷ ತಮ್ಮ ಟಿವಿಗಿದ್ದುದು ಮೊದಲನೆಯದು, ಈ ವರ್ಷ ಬಂದಿರುವುದು ಎರಡನೆಯದು. ಇವೆರಡನ್ನೂ ಬೇರೆಬೇರೆಯಾಗಿ ತಿಳಿದುಕೊಂಡರೆ ಬೋರ್ಡು ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಬಹುದು.

ಗೋಡೆಯಿಂದ ಬರುವ 230 ವೋಲ್ಟಿನ ಎಸಿ ವಿದ್ಯುತ್ತು ಟಿವಿಯ ಪವರ್ ಸಪ್ಲೈ ಬೋರ್ಡಿನಲ್ಲಿ ಮೊದಲು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಡುವ ನಾಲ್ಕು ಡಯೋಡುಗಳ ಮೂಲಕ ಹಾದು ಸುಮಾರು 325 ವೋಲ್ಟಿನ ಡಿಸಿ ಆಗಿ, ಹೆಬ್ಬೆರಳಿನಷ್ಟು ದಪ್ಪದ ಒಂದು ಕೆಪಾಸಿಟರ್‌ನಲ್ಲಿ ಸಂಗ್ರಹವಾಗುತ್ತದೆ. ಅಲ್ಲಿಂದ ಮುಂದೆ ಒಂದು ಪುಟ್ಟ ಐಸಿ, ಎಂದರೆ ನಿಯಂತ್ರಣದ ಚಿಪ್, ಆ ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕಡಿದು ಟ್ರಾನ್ಸ್‌ಫಾರ್ಮರಿಗೆ ಕಳುಹಿಸುತ್ತದೆ, ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿ ಟಿವಿಗೆ ಬೇಕಾದ 5, 12 ಮುಂತಾದ ಕಡಿಮೆ ವೋಲ್ಟುಗಳು ಸಿಗುತ್ತವೆ. ಆ ದೊಡ್ಡ ಕೆಪಾಸಿಟರ್‌ನ ಸಾಮರ್ಥ್ಯ 100 ಮೈಕ್ರೋಫ್ಯಾರಡ್ ಆಗಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 5 ಜೌಲ್ ಮಾತ್ರ, 60 ವಾಟ್ ಎಳೆಯುವ ಟಿವಿಗೆ ಅದು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೂ ಸಾಲದು. ಹೀಗಾಗಿ ಎರಡು ಸೆಕೆಂಡು ಕರೆಂಟು ಹೋದರೆ ಚಿತ್ರ ನಿಲ್ಲುವುದು ಖಚಿತ. ಆದರೆ ಚಿತ್ರ ನಿಂತ ಮೇಲೆ ವಿದ್ಯುತ್ತನ್ನು ಎಳೆಯುವವರೇ ಇಲ್ಲದಿರುವುದರಿಂದ ಕೆಪಾಸಿಟರ್‌ನ ತಳದಲ್ಲಿ ಉಳಿದ ವಿದ್ಯುತ್ತು ಬಹಳ ನಿಧಾನವಾಗಿ ಇಳಿಯುತ್ತದೆ. ಟಿವಿ ಆಗ ಪೂರ್ತಿ ಆರಿಯೂ ಇರುವುದಿಲ್ಲ, ನಡೆಯುತ್ತಲೂ ಇರುವುದಿಲ್ಲ.

ಕಳೆದ ವರ್ಷದ ತೊಂದರೆ ಹುಟ್ಟಿದ್ದು ಈ ನಡುವಿನ ಸ್ಥಿತಿಯಲ್ಲಿ. ಹಲವು ಐಸಿಗಳು ಅಪಾಯದ ಸೂಚನೆ ಕಂಡ ಕೂಡಲೇ ತಮ್ಮನ್ನು ತಾವೇ ಬೀಗ ಹಾಕಿಕೊಳ್ಳುತ್ತವೆ, ಮತ್ತು ತಮಗೆ ಬರುವ ವಿದ್ಯುತ್ತು ಪೂರ್ತಿ ಇಳಿಯುವವರೆಗೆ ಆ ಬೀಗವನ್ನು ತೆರೆಯುವುದಿಲ್ಲ. ಟಿವಿಯ ಮುಖ್ಯ ಬೋರ್ಡಿನಲ್ಲಿರುವ ಪ್ರೊಸೆಸರ್ ಕೂಡ ಅರೆಬರೆ ವೋಲ್ಟಿನಲ್ಲಿ ದಾರಿ ತಪ್ಪಿ ನಿಂತುಬಿಡಬಹುದು. ಒಂದು ಗಂಟೆ ಕರೆಂಟು ಹೋದರೆ ಎಲ್ಲವೂ ಸೊನ್ನೆಗಿಳಿದು, ಮುಂದಿನ ಸಲ ಹೊಸದಾಗಿ ಆರಂಭವಾಗುತ್ತದೆ. ಎರಡೇ ಸೆಕೆಂಡಿನಲ್ಲಿ ಮರಳಿದರೆ ಸೊನ್ನೆಗಿಳಿಯಲು ಸಮಯವೇ ಸಿಗುವುದಿಲ್ಲ. ಇಂಥ ಸಂದರ್ಭದಲ್ಲಿ ರಿಮೋಟ್ ಒತ್ತುತ್ತಾ ಕೂರುವುದರಿಂದ ಏನೂ ಆಗದು. ಗೋಡೆಯ ಪ್ಲಗ್ಗನ್ನು ಕಿತ್ತು, ಸೆಟ್ ಟಾಪ್ ಬಾಕ್ಸಿನ ಎಚ್‌ಡಿಎಂಐ ತಂತಿಯನ್ನೂ ತೆಗೆದು, ಟಿವಿಯ ಮೈಮೇಲಿರುವ ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಹತ್ತು ನಿಮಿಷ ಕಳೆದ ಮೇಲೆ ಪ್ಲಗ್ ಹಾಕಬೇಕು. ಎಚ್‌ಡಿಎಂಐ ತಂತಿಯನ್ನು ತೆಗೆಯಲು ಹೇಳಿದ್ದಕ್ಕೆ ಕಾರಣವಿದೆ. ಆ ತಂತಿಯಲ್ಲಿಯೂ 5 ವೋಲ್ಟಿನ ಒಂದು ಎಳೆ ಇದ್ದು, ಅದು ಕೆಲವು ಟಿವಿಗಳ ಪ್ರೊಸೆಸರನ್ನು ಪೂರ್ತಿ ಆರಲು ಬಿಡುವುದಿಲ್ಲ.

ಈಗ ಈ ವರ್ಷದ ದೋಷಕ್ಕೆ ಬರೋಣ. ನಾನು ರಿಪೇರಿ ಮೇಜಿನ ಮುಂದೆ ಕಳೆದ ವರ್ಷಗಳಲ್ಲಿ ಅತಿ ಹೆಚ್ಚು ಸಲ ಕಂಡಿರುವ ದೋಷ ಇದೇ, ಅತಿ ಹೆಚ್ಚು ಸಲ ಅನ್ಯಾಯವಾಗಿ ಬೋರ್ಡುಗಳನ್ನು ಗುಜರಿಗೆ ಕಳುಹಿಸಿರುವುದೂ ಇದೇ. ಮೇಲೆ ಹೇಳಿದ ಐಸಿ ಕೆಲಸ ಮಾಡಬೇಕಾದರೆ ಅದಕ್ಕೂ ವಿದ್ಯುತ್ತು ಬೇಕು. ಟಿವಿ ನಡೆಯುತ್ತಿರುವಾಗ ಟ್ರಾನ್ಸ್‌ಫಾರ್ಮರಿನಲ್ಲಿರುವ ಒಂದು ಹೆಚ್ಚುವರಿ ಸುತ್ತು ಆ ವಿದ್ಯುತ್ತನ್ನು ಒದಗಿಸುತ್ತದೆ. ಆದರೆ ಐಸಿ ಕೆಲಸ ಆರಂಭಿಸದೆ ಟ್ರಾನ್ಸ್‌ಫಾರ್ಮರ್ ನಡೆಯದು, ಟ್ರಾನ್ಸ್‌ಫಾರ್ಮರ್ ನಡೆಯದೆ ಐಸಿಗೆ ವಿದ್ಯುತ್ತಿಲ್ಲ. ಈ ತೊಡಕನ್ನು ಬಿಡಿಸಲು 325 ವೋಲ್ಟಿನಿಂದ ಒಂದು ದೊಡ್ಡ ರೆಸಿಸ್ಟರ್ ಮೂಲಕ ತೊಟ್ಟು ತೊಟ್ಟಾಗಿ ವಿದ್ಯುತ್ತನ್ನು ತಂದು ಒಂದು ಸಣ್ಣ ಕೆಪಾಸಿಟರ್‌ನಲ್ಲಿ ತುಂಬಿಸುತ್ತಾರೆ. ಬಹುಕಾಲದಿಂದ ಬಳಕೆಯಲ್ಲಿರುವ 3842 ಎಂಬ ಐಸಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ, ಆ ಕೆಪಾಸಿಟರ್ 16 ವೋಲ್ಟಿಗೆ ಏರಿದಾಗ ಐಸಿ ಎಚ್ಚರಗೊಳ್ಳುತ್ತದೆ, 10 ವೋಲ್ಟಿಗೆ ಇಳಿದರೆ ಮತ್ತೆ ಮಲಗುತ್ತದೆ. 22 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಚೆನ್ನಾಗಿದ್ದರೆ ಈ 6 ವೋಲ್ಟು ಇಳಿಯಲು ಸುಮಾರು 10 ಮಿಲಿಸೆಕೆಂಡು ಹಿಡಿಯುತ್ತದೆ, ಅಷ್ಟರಲ್ಲಿ ಟ್ರಾನ್ಸ್‌ಫಾರ್ಮರಿನ ಸುತ್ತು ಹೊಣೆ ವಹಿಸಿಕೊಳ್ಳುತ್ತದೆ. ವರ್ಷಗಟ್ಟಲೆ ಶಾಖದಲ್ಲಿ ಬೆಂದು ಒಳಗಿನ ದ್ರವ ಒಣಗಿದ ಕೆಪಾಸಿಟರ್‌ನಲ್ಲಿ 22ರ ಬದಲು ನಾಲ್ಕೋ ಐದೋ ಮೈಕ್ರೋಫ್ಯಾರಡ್ ಮಾತ್ರ ಉಳಿದಿದ್ದರೆ, ಆ ಹೊಣೆ ಕೈ ಬದಲಾಗುವ ಮುಂಚೆಯೇ ವೋಲ್ಟು ಕುಸಿದು ಐಸಿ ನಿಲ್ಲುತ್ತದೆ. ಮತ್ತೆ ತುಂಬುತ್ತದೆ, ಮತ್ತೆ ಏಳುತ್ತದೆ, ಮತ್ತೆ ಬೀಳುತ್ತದೆ. ತಮಗೆ ಕೇಳಿಸುವ ಟಿಕ್ ಟಿಕ್ ಸದ್ದು ಮತ್ತು ಮಿನುಗುವ ಕೆಂಪು ದೀಪ ಇದರ ಲಕ್ಷಣ. ಈಚಿನ ಟಿವಿಗಳಲ್ಲಿ ಬೇರೆ ಐಸಿಗಳಿದ್ದು ಅಂಕಿಗಳು ಬದಲಾಗಬಹುದಾದರೂ ತತ್ತ್ವ ಇದೇ.

ಟಿವಿ ಒಮ್ಮೆ ನಡೆಯತೊಡಗಿದರೆ ಈ ಒಣಗಿದ ಕೆಪಾಸಿಟರ್‌ನ ದೌರ್ಬಲ್ಯ ಹೊರಗೆ ಕಾಣುವುದಿಲ್ಲ. ಸದಾ ಸ್ಟ್ಯಾಂಡ್‌ಬೈನಲ್ಲಿಯೇ ಇರುವ ಟಿವಿಯಲ್ಲಿ ಅದು ತಿಂಗಳುಗಟ್ಟಲೆ ಅಡಗಿರಬಹುದು. ಕರೆಂಟು ಹೋದದ್ದು ಟಿವಿಯನ್ನು ಕೆಡಿಸಲಿಲ್ಲ, ಮೊದಲೇ ಕೆಟ್ಟಿದ್ದನ್ನು ತೋರಿಸಿತು ಅಷ್ಟೆ. ಬೆಳಗಿನ ಚಳಿಯಲ್ಲಿ ಹೆಚ್ಚು ತೊಂದರೆ ಕೊಡುವುದಕ್ಕೆ ಕಾರಣವೂ ಇಲ್ಲಿಯೇ ಇದೆ. ಹಳೆಯ ಕೆಪಾಸಿಟರ್ ತಣ್ಣಗಿರುವಾಗ ಇನ್ನಷ್ಟು ದುರ್ಬಲ, ಬೆಚ್ಚಗಿರುವಾಗ ತುಸು ಸಮರ್ಥ. ಆಗುಂಬೆ ಕಡೆಯ ಜುಲೈ ತಿಂಗಳ ಬೆಳಗು ಅದಕ್ಕೆ ಕಠಿಣ ಪರೀಕ್ಷೆಯೇ ಸರಿ.

ಹೀಗಾಗಿ ತಾವು ರಿಪೇರಿಯವರಲ್ಲಿ ಮೂರು ಮಾತು ಕೇಳಿ. ದೊಡ್ಡ ಕೆಪಾಸಿಟರ್ ಮೇಲೆ 325 ವೋಲ್ಟಿನ ಆಸುಪಾಸು ಸಿಗುತ್ತಿದೆಯೇ? ಸಿಗುತ್ತಿದ್ದರೆ ಫ್ಯೂಸೂ ಡಯೋಡುಗಳೂ ಚೆನ್ನಾಗಿವೆ ಎಂದರ್ಥ. ಐಸಿಯ ವಿದ್ಯುತ್ ಕಾಲಿನಲ್ಲಿ ವೋಲ್ಟು ಏರುತ್ತಾ ಇಳಿಯುತ್ತಾ ಇದೆಯೇ, ಅಥವಾ ಏರುವುದೇ ಇಲ್ಲವೇ? ಏರಿಳಿಯುತ್ತಿದ್ದರೆ ಸಣ್ಣ ಕೆಪಾಸಿಟರ್ ಮೇಲೆ ಮೊದಲ ಅನುಮಾನ, ಏರದೇ ಇದ್ದರೆ ಆರಂಭದ ರೆಸಿಸ್ಟರ್ ಒಳಗೇ ತುಂಡಾಗಿರಬಹುದು. ಮೂರನೆಯದಾಗಿ, ಟ್ರಾನ್ಸ್‌ಫಾರ್ಮರಿನ ಆಚೆ ಬದಿಯ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ? ಅಲ್ಲಿ ದೋಷವಿದ್ದರೂ ಇದೇ ಟಿಕ್ ಟಿಕ್ ಸದ್ದು ಬರಬಹುದು. ಒಂದು ವಿಷಯವನ್ನು ಅವರಿಗೆ ನೆನಪಿಸಿ: ಐಸಿಯ ಪಕ್ಕದ ಸಣ್ಣ ಕೆಪಾಸಿಟರ್ ಒಣಗಿದಾಗ ಸಾಮಾನ್ಯವಾಗಿ ಉಬ್ಬುವುದಿಲ್ಲ, ಕಣ್ಣಿಗೆ ಹೊಸದರಂತೆಯೇ ಕಾಣುತ್ತದೆ. ಅಳೆದೇ ನೋಡಬೇಕು, ಇಲ್ಲವೇ ಹೊಸದನ್ನು ಹಾಕಿಯೇ ನೋಡಬೇಕು. ಅದರ ಬೆಲೆ ಹೆಚ್ಚೆಂದರೆ ಒಂದು ಲೋಟ ಚಹಾದಷ್ಟು. ಹಾಕುವಾಗ 85 ಡಿಗ್ರಿಯದನ್ನು ಬಿಟ್ಟು 105 ಡಿಗ್ರಿ ಎಂದು ಮೈಮೇಲೆ ಬರೆದಿರುವುದನ್ನೇ ಹಾಕಿಸಿ, ಏಕೆಂದರೆ ಈ ಬಗೆಯ ಕೆಪಾಸಿಟರ್‌ನ ಆಯುಷ್ಯ ಪ್ರತಿ 10 ಡಿಗ್ರಿ ಶಾಖ ಏರಿದಾಗ ಸರಿಸುಮಾರು ಅರ್ಧಕ್ಕಿಳಿಯುತ್ತದೆ.

ಇದನ್ನು ಓದಿ ತಾವೇ ಟಿವಿಯನ್ನು ಬಿಚ್ಚಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಪ್ಲಗ್ ಕಿತ್ತ ಮೇಲೂ, ಅದರಲ್ಲಿಯೂ ಟಿವಿ ಏಳದೆ ನಿಂತಿರುವಾಗ, ದೊಡ್ಡ ಕೆಪಾಸಿಟರ್‌ನಲ್ಲಿ ಪ್ರಾಣಾಪಾಯ ತರುವಷ್ಟು ವಿದ್ಯುತ್ತು ಬಹಳ ಹೊತ್ತು ಉಳಿಯುತ್ತದೆ. ಅನುಭವವುಳ್ಳವರು ಅದನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಕೈ ಹಾಕುತ್ತಾರೆ. ದುರಸ್ತಿಯ ನಂತರವೂ ಮೊದಲ ಸಲ ನೇರವಾಗಿ ಪ್ಲಗ್ ಹಾಕದೆ ಸೀರೀಸ್ ಬಲ್ಬಿನ ಮೂಲಕ, ಎಂದರೆ ಕರೆಂಟಿನ ದಾರಿಯಲ್ಲಿ ಒಂದು ಬಲ್ಬು ಜೋಡಿಸಿ, ಕೊಟ್ಟು ನೋಡುತ್ತಾರೆ.

ತಮ್ಮ ಕಡೆ ಕರೆಂಟು ಹೀಗೆ ಹೋಗಿ ಬರುವುದೇಕೆಂದರೆ, ಮರದ ಕೊಂಬೆ 11 ಕೆವಿ ತಂತಿಗೆ ತಾಗಿದಾಗ ಫೀಡರ್ (ಊರಿಗೆ ವಿದ್ಯುತ್ತು ತರುವ ಮಾರ್ಗ) ಟ್ರಿಪ್ ಆಗುತ್ತದೆ, ರಿಕ್ಲೋಸರ್ ಎಂಬ ಸ್ವಿಚ್ ಇರುವ ಕಡೆ ಅದು ಕೆಲವೇ ಸೆಕೆಂಡಿನಲ್ಲಿ ತಾನಾಗಿ ಮತ್ತೆ ಸಂಪರ್ಕ ಕೊಟ್ಟು ನೋಡುತ್ತದೆ, ಕೊಂಬೆ ಇನ್ನೂ ಅಲ್ಲಿಯೇ ಇದ್ದರೆ ಮತ್ತೆ ಸಂಪರ್ಕ ಕಡಿಯುತ್ತದೆ. ಆದ್ದರಿಂದ ಒಮ್ಮೆ ಹೋಗಿ ಬಂದರೆ ಮತ್ತೊಮ್ಮೆ ಹೋಗುವ ಸಂಭವ ಹೆಚ್ಚು. ಮೊದಲ ಸಲ ಹೋದಾಗಲೇ ಪ್ಲಗ್ ಕಿತ್ತು, ಕರೆಂಟು ಬಂದು ಐದು ನಿಮಿಷ ನಿಂತ ಮೇಲೆ ಹಾಕುವುದು ಒಳ್ಳೆಯದು. ಗುಡುಗಿದ್ದರೆ ಕೇಬಲ್ ಅಥವಾ ಡಿಶ್ ತಂತಿಯನ್ನೂ ಕೀಳಬೇಕು.

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಬೆಳಿಗ್ಗೆ ಹಾಲು ಹಾಕುವ ಹೊತ್ತಿನಲ್ಲಿ ಕರೆಂಟು ಹೋಗಿ ಬಂದರೆ ಕಂಪ್ಯೂಟರ್ ಕಪ್ಪು ಪರದೆಯ ಮೇಲೆ ಎಫ್1 ಒತ್ತಲು ಹೇಳುತ್ತದೆ, ದಿನಾಂಕವನ್ನೂ ತಪ್ಪಾಗಿ ತೋರಿಸುತ್ತದೆ. ಕ್ಯಾಮೆರಾಗಳ ಚಿತ್ರ ಮುದ್ರಿಸಿಡುವ ಡಿವಿಆರ್ ಕೂಡ ಆರಂಭವಾಗುವಂತೆ ಮಾಡಿ ಮತ್ತೆ ಮತ್ತೆ ಆರುತ್ತದೆ. ಸಾಲಿನಲ್ಲಿ ನಿಂತ ರೈತರಿಗೆ ಉತ್ತರ ಹೇಳಿ ಸಾಕಾಗಿದೆ.

ಉತ್ತರ: ಕಂಪ್ಯೂಟರಿನ ತೊಂದರೆಗೆ ಕಾರಣ ಬಹುಮಟ್ಟಿಗೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿ. ಅದರ ಮೇಲೆ ಸಿಆರ್2032 ಎಂದು ಬರೆದಿರುತ್ತದೆ, ಅದರಲ್ಲಿ 3 ವೋಲ್ಟು ಇರಬೇಕು. ಗೋಡೆಯ ಕರೆಂಟು ಇರುವವರೆಗೆ ಗಡಿಯಾರವೂ ಸೆಟ್ಟಿಂಗುಗಳೂ ಆ ಕರೆಂಟಿನಿಂದಲೇ ಉಳಿಯುವುದರಿಂದ ಬ್ಯಾಟರಿ ಸತ್ತಿರುವುದು ಗೊತ್ತಾಗುವುದಿಲ್ಲ, ಕರೆಂಟು ಹೋದ ಗಳಿಗೆಯಲ್ಲಿ ಎಲ್ಲವೂ ಮರೆತುಹೋಗುತ್ತದೆ. ಹಾಲಿನ ಲೆಕ್ಕದಲ್ಲಿ ದಿನಾಂಕ ತಪ್ಪಾದರೆ ಬಿಲ್ಲಿನವರೆಗೂ ತೊಂದರೆ ಹೋಗುತ್ತದೆ, ಆದ್ದರಿಂದ ಇದನ್ನು ಮುಂದೂಡಬೇಡಿ. ಬ್ಯಾಟರಿ ಬದಲಿಸಿ ದಿನಾಂಕ ಸರಿಪಡಿಸಿದ ಮೇಲೆ ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳ ಪರದೆಯಲ್ಲಿ) ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಅಥವಾ ಅದನ್ನು ಹೋಲುವ ಹೆಸರಿನ ಆಯ್ಕೆಯನ್ನು ನೋಡಿ. ಅದು ‘ಪವರ್ ಆಫ್’ ಎಂದಿದ್ದರೆ ಕರೆಂಟು ಬಂದರೂ ಯಾರಾದರೂ ಗುಂಡಿ ಒತ್ತುವವರೆಗೆ ಕಂಪ್ಯೂಟರ್ ಏಳುವುದಿಲ್ಲ, ಅದು ದೋಷವೂ ಅಲ್ಲ. ‘ಪವರ್ ಆನ್’ ಎಂದು ಬದಲಿಸಿದರೆ ತಾನಾಗಿ ಏಳುತ್ತದೆ. ಆದರೆ ಯುಪಿಎಸ್ ಇಲ್ಲದೆ ಹಾಗೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಪದೇ ಪದೇ ಹೋಗಿ ಬರುವ ಕರೆಂಟಿನಲ್ಲಿ ಕಂಪ್ಯೂಟರ್ ಅರ್ಧ ಎದ್ದು ಬೀಳುತ್ತಿದ್ದರೆ ಸಂಘದ ಕಡತಗಳೇ ಹಾಳಾಗಬಹುದು. 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿಯ ಸಣ್ಣ ಯುಪಿಎಸ್ ಸಾಕು, ಆದರೆ ತಿಂಗಳಿಗೊಮ್ಮೆ ಹಾಲಿನ ಸಮಯ ಮುಗಿದ ಮೇಲೆ ಗೋಡೆಯ ಸ್ವಿಚ್ ಆರಿಸಿ ಅದು ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಿ ಬರೆದಿಡಿ.

ಡಿವಿಆರ್‌ನ ಕಥೆ ಮೇಲಿನ ಟಿವಿಯ ಕಥೆಗೆ ಹತ್ತಿರದ್ದು. ಅದರೊಳಗಿನ ಹಾರ್ಡ್ ಡಿಸ್ಕ್ ನಿಂತಲ್ಲಿಂದ ತಿರುಗಲು ಆರಂಭಿಸುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಬೇಡುತ್ತದೆ, ಒಮ್ಮೆ ವೇಗ ಹಿಡಿದ ಮೇಲೆ ಅರ್ಧ ಆಂಪಿಯರ್ ಸಾಕು. ಹಳೆಯದಾದ ಅಡಾಪ್ಟರ್ ಈ ಅರ್ಧ ಆಂಪಿಯರನ್ನು ತಿಂಗಳುಗಟ್ಟಲೆ ಕೊಡುತ್ತಾ ಇರಬಲ್ಲದು, 2 ಆಂಪಿಯರ್ ಕೇಳಿದ ಕ್ಷಣ ಕುಸಿಯುತ್ತದೆ. ಖಾಲಿ ಅಡಾಪ್ಟರನ್ನು ಮೀಟರಿನಲ್ಲಿ ಅಳೆದರೆ ಸರಿಯಾಗಿ 12 ವೋಲ್ಟೇ ತೋರಿಸಿ ದಾರಿ ತಪ್ಪಿಸುತ್ತದೆ. ಡಿವಿಆರ್‌ಗೆ ಜೋಡಿಸಿ, ಅದು ಏಳಲು ಯತ್ನಿಸುವಾಗಲೇ ಅಳೆಯಿರಿ. ಹಾರ್ಡ್ ಡಿಸ್ಕಿನ ತಂತಿ ಕಳಚಿ ಆನ್ ಮಾಡಿದಾಗ ಡಿವಿಆರ್ ನೆಟ್ಟಗೆ ಎದ್ದರೆ ಅಡಾಪ್ಟರನ್ನೇ ಮೊದಲು ಬದಲಿಸಿ ನೋಡಿ, ಆಮೇಲೂ ಆಗದಿದ್ದರೆ ಡಿಸ್ಕಿನ ಮೇಲೆ ಸಂಶಯಪಡಿ.

ಪ್ರಶ್ನೆ: ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ದೊಡ್ಡ ಇನ್ವರ್ಟರ್ ಇದೆ. ಕರೆಂಟು ಹೋದಾಗ ದೀಪ, ಫ್ಯಾನು ನಿಲ್ಲುವುದೇ ಇಲ್ಲ. ಆದರೂ ಕಂಪ್ಯೂಟರ್ ಮಾತ್ರ ಆರಿ ಮತ್ತೆ ಆರಂಭವಾಗುತ್ತದೆ. ಏಕೆ?

ಉತ್ತರ: ಕರೆಂಟು ಹೋದ ಕ್ಷಣದಿಂದ ಇನ್ವರ್ಟರ್ ಕೈಗೆತ್ತಿಕೊಳ್ಳುವವರೆಗೆ ಒಂದು ಸಣ್ಣ ಅಂತರವಿರುತ್ತದೆ. ಫ್ಯಾನಿಗೆ ಅದು ತಿಳಿಯುವುದಿಲ್ಲ. ಕಂಪ್ಯೂಟರಿನ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ) ಪೂರ್ತಿ ಹೊರೆಯಲ್ಲಿ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡು ಮಾತ್ರ, ಎಂದರೆ 50 ಹರ್ಟ್ಸ್ ವಿದ್ಯುತ್ತಿನ ಒಂದು ಸುತ್ತಿಗಿಂತಲೂ ಕಡಿಮೆ. ಮನೆ ಬಳಕೆಯ ಬಹುತೇಕ ಇನ್ವರ್ಟರ್‌ಗಳಲ್ಲಿ ‘ಯುಪಿಎಸ್’ ಮತ್ತು ‘ನಾರ್ಮಲ್’ ಅಥವಾ ‘ಇಕೋ’ ಎಂಬ ಎರಡು ಕ್ರಮಗಳಿರುತ್ತವೆ, ಅದನ್ನು ಬದಲಿಸುವ ಸ್ವಿಚ್ ಹಲವೊಮ್ಮೆ ಹಿಂಬದಿಯಲ್ಲಿರುತ್ತದೆ. ಯುಪಿಎಸ್ ಕ್ರಮಕ್ಕೆ ಬದಲಿಸಿದರೆ ಅದು ಬೇಗ ಕೈ ಬದಲಿಸುತ್ತದೆ. ಆದರೆ ಆ ಕ್ರಮದಲ್ಲಿ ವೋಲ್ಟೇಜು ತುಸು ಇಳಿದರೂ ಇನ್ವರ್ಟರ್ ಬ್ಯಾಟರಿಗೆ ಹೋಗುವುದರಿಂದ, ವೋಲ್ಟೇಜು ಸದಾ ಕಡಿಮೆ ಇರುವ ಬಡಾವಣೆಗಳಲ್ಲಿ ಬ್ಯಾಟರಿ ಬೇಗ ಬಳಲುತ್ತದೆ. ಮೊದಲು ಸರಿಯಾಗಿದ್ದು ಈಗಷ್ಟೇ ತೊಂದರೆ ಆರಂಭವಾಗಿದ್ದರೆ ಕಂಪ್ಯೂಟರಿನ ಎಸ್‌ಎಂಪಿಎಸ್‌ನ ಕೆಪಾಸಿಟರ್‌ಗಳು ಹಳತಾಗಿವೆ ಎಂದು ತಿಳಿಯಬಹುದು.

ಪ್ರಶ್ನೆ: ಕಲಬುರಗಿಯಲ್ಲಿದ್ದೇವೆ. ಕರೆಂಟು ಹೋಗಿ ತಕ್ಷಣ ಬಂದರೆ ಫ್ರಿಜ್ ಹೂಂ ಎಂದು ಗುನುಗಿ, ಟಿಕ್ ಎಂದು ನಿಲ್ಲುತ್ತದೆ. ಐದಾರು ನಿಮಿಷ ಬಿಟ್ಟು ತಾನಾಗಿ ನಡೆಯುತ್ತದೆ. ಕಂಪ್ರೆಸರ್ ಹೋಗುತ್ತಿದೆಯೇ?

ಉತ್ತರ: ಸದ್ಯಕ್ಕೆ ಹೆದರಬೇಕಾಗಿಲ್ಲ. ಕಂಪ್ರೆಸರ್ ನಿಂತ ಕೂಡಲೇ ಅದರ ಒಂದು ಬದಿಯಲ್ಲಿ ಅನಿಲದ ಒತ್ತಡ ಹೆಚ್ಚಾಗಿಯೂ ಇನ್ನೊಂದು ಬದಿಯಲ್ಲಿ ಕಡಿಮೆಯಾಗಿಯೂ ಉಳಿದಿರುತ್ತದೆ, ಎರಡೂ ಸಮವಾಗಲು ಕೆಲವು ನಿಮಿಷ ಬೇಕು. ಆ ಒತ್ತಡದ ಎದುರು ಮೋಟಾರು ತಿರುಗಲಾರದು. ಮೋಟಾರಿಗೆ ಆರಂಭದ ತಳ್ಳು ಕೊಡುವ ಪಿಟಿಸಿ ಎಂಬ ಬಿಲ್ಲೆಯೂ ಆಗ ಬಿಸಿಯಾಗಿಯೇ ಇದ್ದು, ತಣಿಯುವವರೆಗೆ ಕೆಲಸಕ್ಕೆ ಬರುವುದಿಲ್ಲ. ತಿರುಗದೆ ನಿಂತ ಮೋಟಾರು ಹಲವು ಪಟ್ಟು ಕರೆಂಟು ಎಳೆಯುವುದರಿಂದ ಓವರ್‌ಲೋಡ್ ರಕ್ಷಕ ಬಿಸಿಯಾಗಿ ಸಂಪರ್ಕ ಕಡಿಯುತ್ತದೆ. ತಮಗೆ ಕೇಳಿಸುವ ಟಿಕ್ ಅದೇ. ಆದರೆ ದಿನವೂ ಇದನ್ನು ಸಹಿಸುತ್ತಾ ಹೋದರೆ ಮೋಟಾರಿನ ಸುರುಳಿಯ ಆಯುಷ್ಯ ಕುಂದುತ್ತದೆ, ಆದ್ದರಿಂದ ಮೂರು ನಿಮಿಷ ತಡೆದು ಕರೆಂಟು ಕೊಡುವ ಸ್ಟೆಬಿಲೈಜರ್ ಹಾಕಿಸಿ. ಬೇಸಿಗೆಯಲ್ಲಿ ವೋಲ್ಟೇಜನ್ನೂ ನೋಡಿಸಿ. ಮೋಟಾರಿನ ಆರಂಭದ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ 230ರ ಬದಲು 180 ವೋಲ್ಟು ಬಂದರೆ ಉಳಿಯುವ ಬಲ ಶೇಕಡಾ 61 ಮಾತ್ರ. ಅರ್ಧ ಗಂಟೆ ಕಳೆದರೂ ಏಳದಿದ್ದರೆ ಕಂಪ್ರೆಸರ್ ಬದಲಿಸುವ ಮೊದಲು ಪಿಟಿಸಿ ಮತ್ತು ಓವರ್‌ಲೋಡ್ ರಕ್ಷಕ, ಇವೆರಡನ್ನು ಬದಲಿಸಿ ನೋಡಲು ಹೇಳಿ.

ಪ್ರಶ್ನೆ: ಪುತ್ತೂರು ತಾಲ್ಲೂಕಿನ ನಮ್ಮ ಭಜನಾ ಮಂದಿರದ ಹಳೆಯ ಆಂಪ್ಲಿಫೈಯರಿನಲ್ಲಿ ಕರೆಂಟು ಹೋಗಿ ಕೂಡಲೇ ಬಂದಾಗಲೆಲ್ಲ ಫ್ಯೂಸ್ ಹೋಗುತ್ತಿತ್ತು. ಬೇಸತ್ತು ಒಬ್ಬರು ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ ಸುತ್ತಿದ್ದಾರೆ. ಈಗ ತೊಂದರೆಯಿಲ್ಲ. ಹೀಗೇ ಬಿಡಬಹುದೇ?

ಉತ್ತರ: ಖಂಡಿತ ಬಿಡಬಾರದು, ಈ ಸಂಚಿಕೆ ಕೈಸೇರಿದ ದಿನವೇ ಆ ತಂತಿಯನ್ನು ತೆಗೆಸಿ. ಒಳಗೆ ಯಾವುದಾದರೂ ಬಿಡಿಭಾಗ ಶಾರ್ಟ್ ಆದರೆ ಟ್ರಾನ್ಸ್‌ಫಾರ್ಮರ್ ಕಾದು ಹೊತ್ತಿಕೊಳ್ಳುವವರೆಗೂ ಆ ತಂತಿ ಕರಗುವುದಿಲ್ಲ, ಭಜನೆಗೆ ಕುಳಿತವರ ಪಕ್ಕದಲ್ಲಿಯೇ ಆ ಪೆಟ್ಟಿಗೆ ಇರುತ್ತದೆ.

ಫ್ಯೂಸ್ ಹೋಗುತ್ತಿದ್ದುದಕ್ಕೆ ಬೇರೆ ಕಾರಣವಿದೆ. ಟ್ರಾನ್ಸ್‌ಫಾರ್ಮರಿನ ಕಬ್ಬಿಣದಲ್ಲಿ ಕರೆಂಟು ಹೋದ ಮೇಲೂ ಸ್ವಲ್ಪ ಕಾಂತತ್ವ ಉಳಿದಿರುತ್ತದೆ. ಕರೆಂಟು ಮರಳುವಾಗ ಅಲೆ ಅದೇ ದಿಕ್ಕಿನಲ್ಲಿ ಏರುತ್ತಿದ್ದರೆ ಕಬ್ಬಿಣ ತುಂಬಿಹೋಗಿ, ಒಂದೆರಡು ಸುತ್ತುಗಳ ಕಾಲ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ನುಗ್ಗುತ್ತದೆ. ಈ ನುಗ್ಗುವಿಕೆಯನ್ನು ತಡೆದುಕೊಳ್ಳಲೆಂದೇ ನಿಧಾನವಾಗಿ ಕರಗುವ ಫ್ಯೂಸುಗಳಿವೆ. ಅವುಗಳ ಲೋಹದ ಟೊಪ್ಪಿಯ ಮೇಲೆ ಆಂಪಿಯರ್ ಅಂಕಿಯ ಮುಂದೆ ‘ಟಿ’ ಎಂಬ ಅಕ್ಷರವಿರುತ್ತದೆ, ಬೇಗ ಕರಗುವ ಫ್ಯೂಸಿನ ಮೇಲೆ ‘ಎಫ್’ ಇರುತ್ತದೆ. ಹಿಂದೆ ಯಾರೋ ಅಂಕಿಯನ್ನಷ್ಟೇ ನೋಡಿ ‘ಎಫ್’ ಜಾತಿಯದನ್ನು ಹಾಕಿರುವ ಸಾಧ್ಯತೆ ಹೆಚ್ಚು. ಆಂಪ್ಲಿಫೈಯರಿನ ಹಿಂಬದಿಯಲ್ಲಿ ಅಚ್ಚಾಗಿರುವ ಅಂಕಿಯನ್ನೇ ನೋಡಿ, ಅಷ್ಟೇ ಆಂಪಿಯರಿನ ‘ಟಿ’ ಫ್ಯೂಸ್ ತಂದು ಹಾಕಿ. ಅದೂ ಹೋದರೆ ಡಯೋಡ್ ಬ್ರಿಡ್ಜ್ ಮತ್ತು ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನು ಪರೀಕ್ಷಿಸಬೇಕಾಗುತ್ತದೆ, ಅಲ್ಲಿಯವರೆಗೆ ಆಂಪ್ಲಿಫೈಯರನ್ನು ಬಳಸಬೇಡಿ. ಮುಂದೆ ಭಜನೆಯ ನಡುವೆ ಕರೆಂಟು ಹೋದರೆ ಆಂಪ್ಲಿಫೈಯರಿನ ಸ್ವಿಚ್ಚನ್ನು ಆರಿಸಲು ಒಬ್ಬರಿಗೆ ಹೇಳಿಡಿ, ಕರೆಂಟು ಬಂದು ದೀಪಗಳು ಅಲುಗದೆ ಉರಿಯತೊಡಗಿದ ಮೇಲೆ ಅವರೇ ಹಾಕಲಿ.